ಮೇಕೇರಿ ಏರಿನಲ್ಲಿ ಆಫ್ ಆಗುತ್ತಿದ್ದ ಗಾಡಿ: ಮೂರೂವರೆ ತಿಂಗಳ ಹುಡುಕಾಟ

ನಿನ್ನೆಗೆ ಹದಿನೆಂಟು ದಿನವಾಯಿತು. ಗಾಡಿ ಒಂದು ಸಲವೂ ದಾರಿಯಲ್ಲಿ ನಿಂತಿಲ್ಲ. ಇಷ್ಟು ದಿನ ಕಾದದ್ದು ಬೇಕಂತಲೇ. ಈ ಮೂರೂವರೆ ತಿಂಗಳಲ್ಲಿ ನಾಲ್ಕು ಸಲ "ಸರಿಯಾಯ್ತು" ಅಂದುಕೊಂಡಿದ್ದೆ, ನಾಲ್ಕು ಸಲವೂ ಮೋಸ ಹೋಗಿದ್ದೆ. ಈ ಸಲ ಕಾರಣವನ್ನು ಕಣ್ಣಾರೆ ನೋಡಿದ್ದೇನೆ. ಆಗೊಮ್ಮೆ ಈಗೊಮ್ಮೆ ಆಫ್ ಆಗಿ, ಆಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುವ ಗಾಡಿ ನಿಮ್ಮದೂ ಆಗಿದ್ದರೆ ಇದನ್ನು ಪೂರ್ತಿ ಓದಿ. ನಾನು ಕಳೆದುಕೊಂಡ ದುಡ್ಡು ನಿಮಗಾದರೂ ಉಳಿಯಲಿ.

ನನ್ನದು 150 ಸಿಸಿ ಬೈಕ್, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವುದು. 2010ರ ನವೆಂಬರ್‌ನಲ್ಲಿ ರಿಜಿಸ್ಟರ್ ಆದದ್ದು. ಮನೆ ಮೂರ್ನಾಡು, ಕೆಲಸ ಮಡಿಕೇರಿಯ ಶಾಲೆಯಲ್ಲಿ. ದಿನಾ ಹೋಗಿ ಬರಲು ಹೆಚ್ಚೂಕಡಿಮೆ 28 ಕಿಲೋಮೀಟರ್. ಹಾಕತ್ತೂರು ದಾಟಿ ಮೇಕೇರಿ ಬಂದ ಮೇಲೆ ಮಡಿಕೇರಿಗೆ ಏರು.

ಜೂನ್ ಎರಡನೇ ವಾರ. ಜಡಿಮಳೆ. ಮೇಕೇರಿ ದಾಟಿದ ಮೇಲಿನ ತಿರುವಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದವನಿಗೆ ಇಂಜಿನ್ ಪಟ್ಟನೆ ನಿಂತಿತು. ಜಗ್ಗಲಿಲ್ಲ, ಕೆಮ್ಮಲಿಲ್ಲ. ಯಾರೋ ಕೀ ತಿರುಗಿಸಿದ ಹಾಗೆ. ಸೆಲ್ಫ್ ಹೊಡೆದೆ, ಹತ್ತಿಪ್ಪತ್ತು ಕಿಕ್ ಹೊಡೆದೆ, ಇಲ್ಲ. ರೈನ್‌ಕೋಟಿನ ಒಳಗೆ ಬೆವರು, ಹೊರಗೆ ಮಳೆ. ಮೊದಲ ಪೀರಿಯಡ್ ತಪ್ಪಿತು ಅಂತ ಫೋನ್ ಮಾಡಿ ಹೇಳಿ, ಕಾಲು ಗಂಟೆ ಬಿಟ್ಟು ಸುಮ್ನೆ ಒಂದು ಕಿಕ್ ಹೊಡೆದೆ. ಸ್ಟಾರ್ಟ್ ಆಗಿಬಿಟ್ಟಿತು! ಶಾಲೆವರೆಗೂ ಏನೂ ತೊಂದರೆ ಇಲ್ಲ. ಸಂಜೆ ಇಳಿದು ಬರುವಾಗಲೂ ಇಲ್ಲ.

ಎರಡು ದಿನ ಬಿಟ್ಟು ಮತ್ತೆ ಅದೇ. ಮೂರ್ನಾಡಿನ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ವರ್ಷಗಟ್ಟಲೆಯಿಂದ ಈ ಗಾಡಿ ನೋಡುತ್ತಿರುವವರು. "ಮಳೆಗಾಲ ಅಲ್ವಾ ಮೇಷ್ಟ್ರೇ, ಪೆಟ್ರೋಲಲ್ಲಿ ನೀರು ಸೇರಿರುತ್ತೆ" ಅಂದರು. ಕಾರ್ಬುರೇಟರ್ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಇಳಿಸಿದರು. ತಳದಲ್ಲಿ ನಾಲ್ಕೈದು ನೀರಿನ ಹನಿ ಮಣಿಗಳ ಹಾಗೆ ಉರುಳುತ್ತಿದ್ದವು. ನನಗೂ ನಂಬಿಕೆ ಬಂತು. ಟ್ಯಾಂಕ್ ಬಿಚ್ಚಿ ತೊಳೆದರು. ಅದಕ್ಕೆ 300 ರೂಪಾಯಿ, ಕಾರ್ಬುರೇಟರ್ ಸರ್ವಿಸ್‌ಗೆ 250.

ನೀರು ಸೇರಿದ್ದು ಸುಳ್ಳಲ್ಲ, ಆದ್ದರಿಂದ ಅದರ ಬಗ್ಗೆ ಎರಡು ಮಾತು. ಪೆಟ್ರೋಲ್ ಮುಚ್ಚಳದ ಸುತ್ತ ಒಂದು ತಗ್ಗು ಇರುತ್ತದೆ. ಅಲ್ಲಿ ನಿಂತ ಮಳೆನೀರು ಇಳಿದುಹೋಗಲು ಸಣ್ಣ ತೂತು ಇರುತ್ತದೆ. ನನ್ನ ಗಾಡಿಯಲ್ಲಿ ಅದು ಮಣ್ಣು ತುಂಬಿ ಮುಚ್ಚಿಹೋಗಿತ್ತು. ನೀರು ಅಲ್ಲೇ ನಿಂತು ಒಳಗೆ ಜಿನುಗುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಬೆರೆತಿರುತ್ತದೆ, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ನಮ್ಮ ಕೊಡಗಿನ ಮಳೆಗೆ ಇದು ದೊಡ್ಡ ವಿಷಯ. ಮೇ ತಿಂಗಳಲ್ಲೇ ಒಂದು ತೆಳು ತಂತಿ ಹಾಕಿ ಆ ತೂತು ಬಿಡಿಸಿಕೊಳ್ಳಿ. ಐದು ನಿಮಿಷದ ಕೆಲಸ.

ಆಮೇಲೆ ಹತ್ತು ದಿನ ಗಾಡಿ ನಿಲ್ಲಲಿಲ್ಲ. ಎಷ್ಟು ನೆಮ್ಮದಿಯಾಗಿದ್ದೆ! ಆದರೆ ಆ ಹತ್ತು ದಿನದಲ್ಲಿ ಶಾಲೆಗೆ ಮಳೆ ರಜೆ ಸಿಕ್ಕಿದ್ದೇ ಜಾಸ್ತಿ. ಮೂರ್ನಾಡು ಪೇಟೆಗೆ ಹಾಲು, ತರಕಾರಿ ತರಲು ಹೋದದ್ದು ಬಿಟ್ಟರೆ ನಾನು ಗಾಡಿ ಓಡಿಸಿಯೇ ಇರಲಿಲ್ಲ. ಅದು ಆಗ ಹೊಳೆಯಲಿಲ್ಲ. ರಜೆ ಮುಗಿದ ಮೂರನೇ ದಿನ ಅದೇ ಏರಿನಲ್ಲಿ ಮತ್ತೆ ನಿಂತಿತು.

ಇಲ್ಲಿಂದ ಮುಂದೆ ಸಾಮಾನು ಬದಲಿಸುವ ಸರದಿ. ಪ್ಲಗ್ 110, ಪ್ಲಗ್ ಕ್ಯಾಪ್ 80. ಸರಿ ಹೋಗಲಿಲ್ಲ. ಪ್ಲಗ್ಗಿಗೆ ಜೋರು ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ 520. ಅದರಿಂದಲೂ ಇಲ್ಲ. ಹ್ಯಾಂಡಲ್ ಮೇಲಿನ ಸ್ವಿಚ್ ಬಿಚ್ಚಿ ಕ್ಲೀನ್ ಮಾಡಿದ್ದಕ್ಕೆ 100. ಪ್ರತಿ ಸಲವೂ ತೊಂದರೆ ಒಂದೇ. ಗಾಡಿ ನಿಲ್ಲುವುದು ಏರಿನಲ್ಲಿ, ನಾನು ತೋರಿಸುವುದು ವರ್ಕ್‌ಶಾಪಿನಲ್ಲಿ. ಅಷ್ಟರೊಳಗೆ ಅದು ತಣ್ಣಗಾಗಿ ಚೆನ್ನಾಗಿ ಓಡುತ್ತಿರುತ್ತದೆ. "ಕರೆಂಟ್ ಚೆನ್ನಾಗೇ ಬರ್ತಿದೆಯಲ್ಲ ಮೇಷ್ಟ್ರೇ" ಅಂತ ಪ್ಲಗ್ಗಿನ ತುದಿಯ ನೀಲಿ ಕಿಡಿ ತೋರಿಸುತ್ತಿದ್ದರು. ಅವರ ತಪ್ಪೇನಿಲ್ಲ. ಕಾಯಿಲೆ ಇಲ್ಲದ ಹೊತ್ತಿನಲ್ಲಿ ಡಾಕ್ಟರ್ ಹತ್ತಿರ ಹೋದರೆ ಅವರಾದರೂ ಏನು ಹೇಳುತ್ತಾರೆ?

ಜುಲೈ ಕೊನೆಗೆ ಮಡಿಕೇರಿಯ ಇನ್ನೊಂದು ವರ್ಕ್‌ಶಾಪಿಗೆ ಕೊಟ್ಟೆ. ಐದು ದಿನ ಇಟ್ಟುಕೊಂಡರು. "ಸಿಡಿಐ ಹೋಗಿದೆ" ಅಂದರು. ಯಾವಾಗ ಕಿಡಿ ಹಾರಬೇಕು ಅಂತ ಲೆಕ್ಕ ಹಾಕುವ ಸಣ್ಣ ಕಪ್ಪು ಡಬ್ಬಿ ಅದು. 1,380 ರೂಪಾಯಿ. ಹೊಸದು ಹಾಕಿ, ರಾಜಾಸೀಟ್ ಕಡೆ ಒಂದು ಸುತ್ತು ಹಾಕಿ ಬಂದು ಕೀ ಕೊಟ್ಟರು. ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚಾಗಿತ್ತು: ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ. ನೀವೂ ಈ ಸಾಲನ್ನು ಮೊದಲೇ ಓದಿಕೊಳ್ಳಿ. ಸಿಡಿಐ ಹೋಗಿದೆ ಅಂತ ಅನುಮಾನ ಬಂದರೆ, ಅದೇ ಮಾಡೆಲ್ ಗಾಡಿ ಇರುವ ಯಾರದ್ದಾದರೂ ಸಿಡಿಐಯನ್ನು ಎರಡು ದಿನದ ಮಟ್ಟಿಗೆ ಕೇಳಿ, ಹಾಕಿ ನೋಡಿ. ಎರಡು ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಬಿಚ್ಚಿ ಹಾಕುವ ಕೆಲಸ ಅಷ್ಟೆ. ಹಳೆಯದನ್ನು ಮಾತ್ರ ಎಸೆಯಬೇಡಿ.

ನಾಲ್ಕು ದಿನ ಓಡಿತು. ಐದನೇ ದಿನ ಆದದ್ದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಆಗಸ್ಟ್ ತಿಂಗಳು. ವಿರಾಜಪೇಟೆಯಲ್ಲಿ ನೆಂಟರ ಮನೆಗೆ ಹೋಗಿ ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಅವಳು ಏಳನೇ ಕ್ಲಾಸು. ಬೇತ್ರಿಯಲ್ಲಿ ಕಾವೇರಿ ಕೆಂಪಗೆ ಉಕ್ಕುತ್ತಿದ್ದಳು. ಸೇತುವೆ ದಾಟಿ ಮೂರ್ನಾಡಿನ ಕಡೆ ಏರು ಹತ್ತುವಾಗ ಮಂಜು ಕವಿದಿತ್ತು. ತಿರುವಿನಲ್ಲಿ ಪಟ್ಟನೆ ಇಂಜಿನ್ ಆಫ್. ನನ್ನ ಗಾಡಿಯಲ್ಲಿ ಇಂಜಿನ್ ನಿಂತರೆ ಹೆಡ್‌ಲೈಟೂ ಆರುತ್ತದೆ. ಒಂದೇ ಏಟಿಗೆ ಕತ್ತಲೆ. ಹಿಂದೆ ಸಿಲ್ವರ್ ಓಕ್ ಮರ ತುಂಬಿದ ಲಾರಿ. ಅದರ ಬೆಳಕು ಮಂಜಿನಲ್ಲಿ ಹಳದಿಯಾಗಿ ಹತ್ತಿರ ಬರುತ್ತಿತ್ತು. "ಇಳಿ, ಇಳಿ" ಅಂತ ಕೂಗಿ ಗಾಡಿಯನ್ನು ಚರಂಡಿ ಕಡೆಗೆ ತಳ್ಳಿದೆ. ಲಾರಿ ಬ್ರೇಕ್ ಹಾಕಿದ ಸದ್ದು ಕೇಳಿತು, ಆಮೇಲೆ ನಿಧಾನ ದಾಟಿ ಹೋಯಿತು. ಮಗಳು ನನ್ನ ಕೋಟಿನ ತುದಿ ಹಿಡಿದುಕೊಂಡು ನಿಂತಿದ್ದಳು. ಆ ಕೈ ಬಿಡಿಸಲು ನನಗೆ ಮನಸ್ಸಾಗಲಿಲ್ಲ.

ಅವತ್ತು ಕಾಫಿ ತೋಟದ ಬೇಲಿ ಪಕ್ಕ ಕಾಯುತ್ತಾ ನಿಂತಿದ್ದಾಗ ಅವಳು ಒಂದು ಮಾತು ಹೇಳಿದಳು. "ಅಪ್ಪಾ, ಆ ಮುಳ್ಳು ಮೊದ್ಲು ಬಿತ್ತು. ಆಮೇಲೆ ಗಾಡಿ ನಿಂತಿದ್ದು."

ಅವಳು ನನ್ನ ಭುಜದ ಮೇಲಿಂದ ಯಾವಾಗಲೂ ಮೀಟರ್ ನೋಡುತ್ತಿರುತ್ತಾಳೆ. ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಒಂದೇ ಸಲ ಸೊನ್ನೆಗೆ ಬಿದ್ದಿದೆ. ಗಾಡಿ ಇನ್ನೂ ಗೇರಿನಲ್ಲಿದೆ, ಚಕ್ರ ಉರುಳುತ್ತಿದೆ, ಅಂದರೆ ಇಂಜಿನ್ ಇನ್ನೂ ತಿರುಗುತ್ತಿದೆ. ಆದರೂ ಮುಳ್ಳು ಸೊನ್ನೆ! ನನ್ನ ಗಾಡಿಯ ಆ ಮುಳ್ಳಿಗೆ ಸಿಗ್ನಲ್ ಬರುವುದು ಇಗ್ನಿಷನ್ ವೈರಿಂಗ್‌ನಿಂದ. ಪೆಟ್ರೋಲ್ ಸಿಗದೆ ನಿಂತಿದ್ದರೆ ಮುಳ್ಳು ಇಂಜಿನ್ ಜೊತೆಗೇ ನಿಧಾನ ಇಳಿಯಬೇಕಿತ್ತು. ಎರಡು ತಿಂಗಳು ಎರಡು ವರ್ಕ್‌ಶಾಪಿನಲ್ಲಿ ಸಿಗದ ಸುಳಿವು ಅದು.

ಮನೆಗೆ ಬಂದು ಒಂದು ಹಳೆಯ ನೋಟ್‌ಬುಕ್ ತೆಗೆದೆ. ಅಲ್ಲಿಯವರೆಗೆ ನಿಂತ ಒಂಬತ್ತು ಸಲವನ್ನೂ ನೆನಪು ಮಾಡಿಕೊಂಡು ಬರೆದೆ. ಯಾವ ಜಾಗ, ಹೊರಟು ಎಷ್ಟು ನಿಮಿಷ, ಮಳೆಯೋ ಬಿಸಿಲೋ, ಏರೋ ಇಳಿಜಾರೋ, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು. ಬರೆದ ಮೇಲೆ ಎದ್ದು ಕಾಣುತ್ತಿತ್ತು. ಎರಡು ಸಲ ಮಳೆಯೇ ಇರಲಿಲ್ಲ. ಒಂಬತ್ತೂ ಸಲ ಹೊರಟು ಇಪ್ಪತ್ತು ನಿಮಿಷ ದಾಟಿತ್ತು. ಒಂಬತ್ತೂ ಸಲ ಏರು. ಒಂಬತ್ತೂ ಸಲ ಹದಿನೈದರಿಂದ ಇಪ್ಪತ್ತು ನಿಮಿಷ ಬಿಟ್ಟರೆ ಸರಿ. ಮಳೆಗೂ ಇದಕ್ಕೂ ಸಂಬಂಧವಿಲ್ಲ, ಬಿಸಿಗೆ ಸಂಬಂಧ. ಇಳಿಜಾರಿನಲ್ಲಿ ಇಂಜಿನ್‌ಗೆ ಅಷ್ಟು ಶ್ರಮವಿಲ್ಲ, ಬಿಸಿ ಅಷ್ಟು ಏರುವುದಿಲ್ಲ. ಈ ನೋಟ್‌ಬುಕ್ ಕೆಲಸವನ್ನು ಮೊದಲ ದಿನವೇ ಮಾಡಿ. ನಾನು ಒಂಬತ್ತು ಸಲ ನಿಂತ ಮೇಲೆ ಮಾಡಿದೆ.

ಮರುದಿನದಿಂದ ಬ್ಯಾಗಿನಲ್ಲಿ ನಾಲ್ಕು ಸಾಮಾನು ಇಟ್ಟುಕೊಂಡೆ. ಹಳೆಯ ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಟಾರ್ಚು. ಗಾಡಿ ನಿಂತ ಕೂಡಲೇ, ತಣ್ಣಗಾಗುವ ಮೊದಲೇ ನೋಡಬೇಕು ಅಂತ ತೀರ್ಮಾನಿಸಿದೆ. ಜೀವನದಲ್ಲಿ ಮೊದಲ ಸಲ ಗಾಡಿ ನಿಲ್ಲಲಿ ಅಂತ ಕಾದೆ.

ಆಗಸ್ಟ್ ಕೊನೆಯ ವಾರ ಮೇಕೇರಿ ಏರಿನಲ್ಲಿ ನಿಂತಿತು. ಮಳೆ ಇರಲಿಲ್ಲ. ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತಂದೆ. ಮೊದಲು ಪೆಟ್ರೋಲ್ ಮುಚ್ಚಳ ತೆಗೆದೆ. ಗಾಳಿ ಎಳೆದುಕೊಳ್ಳುವ ಸದ್ದು ಬರಲಿಲ್ಲ, ಅಂದರೆ ಮುಚ್ಚಳದ ಗಾಳಿ ತೂತು ಕಟ್ಟಿಲ್ಲ. ಮುಚ್ಚಳ ಹಾಕಿ, ಕಾರ್ಬುರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿದೆ. ಪೆಟ್ರೋಲ್ ಸೊಗಸಾಗಿ ಸುರಿಯಿತು. ಪೆಟ್ರೋಲ್ ಬರುತ್ತಿದೆ. ಸ್ಕ್ರೂ ಬಿಗಿ ಮಾಡಿ, ಚೆಲ್ಲಿದ್ದು ಆರುವ ತನಕ ಸ್ವಲ್ಪ ದೂರ ನಿಂತೆ. ಇದನ್ನು ಮರೆಯಬೇಡಿ, ಮುಂದಿನದು ಕಿಡಿಯ ಪರೀಕ್ಷೆ. ಇಂಜಿನ್ನಿನಲ್ಲಿರುವ ಪ್ಲಗ್ ಬಿಚ್ಚಬೇಡಿ, ಅದು ಸುಡುತ್ತದೆ, ತೂತಿನಿಂದ ಪೆಟ್ರೋಲ್ ಆವಿಯೂ ಬರುತ್ತದೆ. ಕ್ಯಾಪ್ ಮಾತ್ರ ಕಿತ್ತು ಹಳೆಯ ಪ್ಲಗ್ಗಿಗೆ ಹಾಕಿ, ಅದರ ಲೋಹದ ಮೈಯನ್ನು ಇಂಜಿನ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದೆ. ಹಿಡಿದದ್ದು ಕ್ಯಾಪಿನ ರಬ್ಬರ್, ಪ್ಲಗ್ ಅಲ್ಲ. ಇಲ್ಲದಿದ್ದರೆ ಜೋರಾಗಿ ಶಾಕ್ ಹೊಡೆಯುತ್ತದೆ.

ಕಿಡಿ ಇಲ್ಲ. ಮತ್ತೆ ಹೊಡೆದೆ. ಇಲ್ಲವೇ ಇಲ್ಲ. ಎರಡೆರಡು ನಿಮಿಷಕ್ಕೊಮ್ಮೆ ಹೊಡೆಯುತ್ತಾ ಹೋದೆ. ಹದಿನೆಂಟನೇ ನಿಮಿಷಕ್ಕೆ ಚಟ್ ಅಂತ ನೀಲಿ ಕಿಡಿ. ಅವತ್ತಿನ ಸಂತೋಷ ಹೇಳತೀರದು. ಗಾಡಿ ಸರಿಯಾಗಿರಲಿಲ್ಲ, ಆದರೆ ಹುಡುಕುವ ಜಾಗ ಅರ್ಧಕ್ಕೆ ಇಳಿದಿತ್ತು.

ಆ ಭಾನುವಾರ ವಿರಾಜಪೇಟೆಯಲ್ಲಿ ಗಾಡಿ ವೈರಿಂಗ್ ಮಾಡುವ ಒಬ್ಬ ಕಾಕನ ಹತ್ತಿರ ಹೋದೆ. ವಯಸ್ಸಾದವರು. ನನ್ನ ನೋಟ್‌ಬುಕ್ಕನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಗಾಡಿ ಮುಟ್ಟಲೇ ಇಲ್ಲ. "ಬಿಸಿಯಾದ್ರೆ ಸಾಯುತ್ತೆ, ತಣ್ಣಗಾದ್ರೆ ಬದುಕುತ್ತೆ ಅಂದ್ರೆ ಯಾವುದೋ ಕಾಯಿಲ್ ಒಳಗೆ ತಂತಿ ಕಡಿದಿದೆ ಮಾಷೇ. ಮೇಲಿನ ಕಾಯಿಲ್ ಹೊಸದು ಹಾಕಿದ್ದೀರಿ. ಕೆಳಗೆ ಮ್ಯಾಗ್ನೆಟ್ ಹತ್ರ ಪಿಕಪ್ ಕಾಯಿಲ್ ಇದೆ. ಏನೂ ತಗೋಬೇಡಿ. ಮೊದ್ಲು ಅಳೀರಿ."

ಪಿಕಪ್ ಕಾಯಿಲ್ ಅಂದರೆ ಇಂಜಿನ್ ಪಕ್ಕದ ಮುಚ್ಚಳದ ಒಳಗೆ, ತಿರುಗುವ ಮ್ಯಾಗ್ನೆಟ್ಟಿನ ಅಂಚಿಗೆ ಕೂರುವ ಹೆಬ್ಬೆರಳು ಗಾತ್ರದ ಕಾಯಿಲ್. ಕೆಲವರು ಪಲ್ಸರ್ ಕಾಯಿಲ್ ಅನ್ನುತ್ತಾರೆ. ಮ್ಯಾಗ್ನೆಟ್ಟಿನ ಹೊರಗಿರುವ ಉಬ್ಬು ಅದರ ಮುಂದೆ ಹಾದಾಗಲೆಲ್ಲ ಅದು ಸಿಡಿಐಗೆ "ಈಗ ಕಿಡಿ ಹಾರಿಸು" ಅಂತ ಸಿಗ್ನಲ್ ಕೊಡುತ್ತದೆ. ಅದು ಸುಮ್ಮನಾದರೆ ಎಲ್ಲವೂ ಸುಮ್ಮನೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಈಚಿನ ಗಾಡಿಗಳಲ್ಲಿ ಈ ಕೆಲಸವನ್ನು ಕ್ರ್ಯಾಂಕ್ ಸೆನ್ಸರ್ ಮಾಡುತ್ತದೆ. ಅದೂ ಹೀಗೆಯೇ ಬಿಸಿಗೆ ಕೈ ಕೊಡಬಹುದು.

ಕಾಕ ಸೀಟಿನ ಕೆಳಗೆ ಅದರ ಕಪ್ಲರ್ ಎಲ್ಲಿದೆ ಅಂತ ತೋರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ನಾನು 320 ರೂಪಾಯಿಗೆ ಒಂದು ಮಲ್ಟಿಮೀಟರ್ ಕೊಂಡೆ. ತಣ್ಣಗಿದ್ದಾಗ ಕಾಯಿಲ್ 204 ಓಮ್ ತೋರಿಸಿತು. ಓಮ್ ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆಯ ಅಳತೆ. ನನ್ನ ಗಾಡಿಗೆ ಅದು ಸರಿಯಾದ ಲೆಕ್ಕ. ಬೇರೆ ಗಾಡಿಗೆ ಬೇರೆ ಇರುತ್ತದೆ, ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಮುಂದಿನ ಸಲ ಏರಿನಲ್ಲಿ ನಿಂತಾಗ ಕಪ್ಲರ್ ಬಿಚ್ಚಿ ಮೀಟರಿನ ಎರಡು ಕಡ್ಡಿ ಇಟ್ಟೆ. ಪರದೆಯ ಎಡಗಡೆ ಒಂಟಿ '1'. ಅಗ್ಗದ ಮೀಟರುಗಳಲ್ಲಿ ತಂತಿ ಕಡಿದಿದೆ ಅನ್ನುವುದಕ್ಕೆ ಅದೇ ಗುರುತು. ಕಾಲು ಗಂಟೆ ಬಿಟ್ಟು ಅದೇ ಜಾಗದಲ್ಲಿ 228.

ಕಾರಣ ಸಿಕ್ಕಿತು. ಸಾಮಾನು ಸಿಗಲು ಹದಿನೇಳು ದಿನ ಬೇಕಾಯಿತು. ಪಿಕಪ್ ಕಾಯಿಲ್ ಒಂದನ್ನೇ ಕೊಡುವುದಿಲ್ಲ, ಸ್ಟೇಟರ್ ಪ್ಲೇಟ್ (ಮ್ಯಾಗ್ನೆಟ್ ಹತ್ತಿರದ ಕಾಯಿಲ್‌ಗಳೆಲ್ಲ ಕೂರುವ ತಟ್ಟೆ) ಪೂರ್ತಿ ಸೆಟ್ಟೇ ತಗೋಬೇಕು ಅಂದರು. 2,150 ರೂಪಾಯಿ. ಹಳೆಯ ಮಾಡೆಲ್, ಸ್ಟಾಕ್ ಇಲ್ಲ, ಮೈಸೂರಿನಿಂದ ತರಿಸಬೇಕು. ಒಂಬತ್ತು ದಿನ ಕಾದ ಮೇಲೆ ಬಂದದ್ದಕ್ಕೆ ಬೇರೆ ಕಪ್ಲರ್! ಒಂದೇ ಮಾಡೆಲ್ಲಿನಲ್ಲಿ ಎರಡು ತರಹ ಬಂದಿವೆಯಂತೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ನೋಡಿ ಆರ್ಡರ್ ಮಾಡಬೇಕಿತ್ತು, ಮೊದಲ ಸಲ ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ವಾಪಸ್ ಕಳಿಸಿ ಮತ್ತೆ ಎಂಟು ದಿನ. ನೀವು ಹೋಗುವಾಗ ಆರ್‌ಸಿ ಜೆರಾಕ್ಸ್, ಹಳೆಯ ಕಪ್ಲರ್‌ನ ಫೋಟೋ ಎರಡೂ ತೆಗೆದುಕೊಂಡು ಹೋಗಿ. ಅಷ್ಟು ದಿನವೂ ನಾನು ಬಸ್ಸಿನಲ್ಲೇ ಓಡಾಡಿದೆ. ಮನೆಯಲ್ಲಿ "ಮಾರಿಬಿಡಿ ಇದನ್ನ" ಅನ್ನುವ ಮಾತೂ ಬಂತು. 2025ರ ನವೆಂಬರಿಗೆ 15 ವರ್ಷ ತುಂಬುತ್ತದೆ, ಆರ್‌ಸಿ ರಿನೀವಲ್‌ಗೆ ಫಾರಂ 25 ಕೊಟ್ಟು, ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಆದರೆ ಮಗಳು ಒಂದನೇ ಕ್ಲಾಸಿಗೆ ಹೋದದ್ದೂ ಇದೇ ಗಾಡಿಯ ಟ್ಯಾಂಕಿನ ಮೇಲೆ ಕೂತು. ಕಾರಣ ಗೊತ್ತಾದ ಮೇಲೆ ಮಾರಲು ನನ್ನಿಂದ ಆಗಲಿಲ್ಲ.

ಕೂರಿಸಿದ್ದು ಮೂರ್ನಾಡಿನ ನಮ್ಮ ಮೆಕ್ಯಾನಿಕ್ಕೇ. ನನ್ನ ಗಾಡಿಯಲ್ಲಿ ಇಂಜಿನ್ ಪಕ್ಕದ ಆ ಮುಚ್ಚಳ ತೆಗೆಯಲು ಆಯಿಲ್ ಇಳಿಸಬೇಕು, ಹಳೆಯ ಪ್ಯಾಕಿಂಗ್ ಕೆರೆದು ಹೊಸದು ಹಾಕಬೇಕು. ಆಯಿಲ್ 420, ಪ್ಯಾಕಿಂಗ್ 90, ಕೂಲಿ 450. ತುಕ್ಕು ಹಿಡಿದ ಎರಡು ಸ್ಕ್ರೂ ಬಿಡಿಸಲಿಕ್ಕೇ ಒಂದು ಗಂಟೆ ಹಿಡಿಯಿತು. ಲೆಕ್ಕ ಹಾಕಿದರೆ ಒಟ್ಟು ಖರ್ಚು 6,170. ಅದರಲ್ಲಿ ಮೀಟರೂ ಸೇರಿ ನಿಜವಾಗಿ ಬೇಕಿದ್ದದ್ದು 3,430. ಉಳಿದ 2,740 ಅಳೆಯದೆ ಮಾಡಿದ ಖರ್ಚು.

ಹಳೆಯ ಪಿಕಪ್ ಕಾಯಿಲನ್ನು ಕೇಳಿ ಮನೆಗೆ ತಂದೆ. ನನಗೆ ಇನ್ನೂ ಒಂದು ಸಲ ನೋಡಬೇಕಿತ್ತು. ಬಚ್ಚಲ ಹಂಡೆಯಿಂದ ಒಂದು ಚೊಂಬು ಕುದಿಯುವ ನೀರು ತಂದು, ಕಾಯಿಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ವೈರು ಮಾತ್ರ ಹೊರಗೆ ಬಿಟ್ಟು ಮುಳುಗಿಸಿದೆ. ಮಗಳು ಮೀಟರ್ ಹಿಡಿದು ಓದುತ್ತಾ ಹೋದಳು. 204. 209. 217. ಒಲೆಯ ಬೂದಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದೆವು ಇಬ್ಬರೂ. 226. 233. 238. ತಾಮ್ರ ಬಿಸಿಯಾದಂತೆ ಓಮ್ ಏರುವುದು ಸಹಜ, ಅದು ತಪ್ಪಲ್ಲ. 241. ಆಮೇಲೆ ಒಂದು ಕ್ಷಣ ಅಂಕಿಗಳು ಕುಣಿದವು, '1' ಬಂತು. "ಹೋಯ್ತು!" ಅಂದಳು. ನೀರಿನಿಂದ ತೆಗೆದು ನೆಲದ ಮೇಲಿಟ್ಟೆವು. ಐದಾರು ನಿಮಿಷಕ್ಕೆ 232 ಅಂತ ತಾನಾಗಿಯೇ ತಿರುಗಿ ಬಂತು. ಒಳಗಿರುವುದು ಕೂದಲಿಗಿಂತ ತೆಳುವಾದ ತಂತಿ. ಅದು ಎಲ್ಲೋ ಕಡಿದಿದೆ. ತಣ್ಣಗಿದ್ದಾಗ ಎರಡು ತುದಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಬಿಸಿಗೆ ಸುತ್ತಲಿನ ಗಟ್ಟಿ ಅಂಟು ಹಿಗ್ಗಿದಾಗ ತುದಿಗಳು ದೂರವಾಗುತ್ತವೆ. ಇಷ್ಟೇ ಇದ್ದದ್ದು.

ಮಡಿಕೇರಿಯಲ್ಲಿ ತೆಗೆದಿದ್ದ ಹಳೆಯ ಸಿಡಿಐಯನ್ನು ಮತ್ತೆ ಹಾಕಿ ನೋಡಿದೆ. ಅದರಲ್ಲೇ ಒಂದು ವಾರ ಓಡಿಸಿದೆ, ಯಾವ ತೊಂದರೆಯೂ ಇಲ್ಲ. ಈಗಲೂ ಗಾಡಿಯಲ್ಲಿರುವುದು ಅದೇ. 1,380ರ ಹೊಸದು ಕವರಿನಲ್ಲಿ ಸುತ್ತಿ ಸೀಟಿನ ಕೆಳಗಿದೆ. ಮೂರ್ನಾಡು, ಮಡಿಕೇರಿ ಸುತ್ತಮುತ್ತ ಇದೇ ಮಾಡೆಲ್ ಇರುವ ನನ್ನ ಗೆಳೆಯರಿಗೆಲ್ಲ ಹೇಳಿದ್ದೇನೆ, ಪರೀಕ್ಷೆ ಮಾಡಲು ಬೇಕಾದರೆ ಒಯ್ಯಿರಿ ಅಂತ. ಹಳೆಯ ಪ್ಲಗ್, ಸ್ಪ್ಯಾನರ್, ಟಾರ್ಚು ಇನ್ನೂ ಬ್ಯಾಗಿನಲ್ಲೇ ಇವೆ.

ನಿನ್ನೆ ವಿರಾಜಪೇಟೆಗೆ ಹೋಗಿ ಕಾಕನಿಗೆ ವಿಷಯ ಹೇಳಿ, ಒಂದು ಬಾಳೆಗೊನೆ ಕೊಟ್ಟು ಬಂದೆವು. ಬರುವಾಗ ಬೇತ್ರಿ ಸೇತುವೆ ದಾಟಿದ ಮೇಲೆ ನಾನು ಮಾತಾಡಲಿಲ್ಲ, ಮಗಳೂ ಮಾತಾಡಲಿಲ್ಲ. ಆ ತಿರುವು ಬಂತು, ಹೋಯಿತು. ತೋಟದ ಬೇಲಿ ಹಿಂದಕ್ಕೆ ಸರಿದ ಮೇಲೆ ಕಿವಿಯ ಹತ್ತಿರ ಅವಳ ದನಿ ಕೇಳಿತು. "ಮುಳ್ಳು ನಾಲ್ಕು ಸಾವಿರದಲ್ಲೇ ಇದೆ ಅಪ್ಪಾ."